ಕಾಲೀ ರ‍್ಯಾಂಕಿಂಗ್: ಮಂಡ್ಯದ ಕಬಡ್ಡಿಗೆ ಹಚ್ಚಿ ನೋಡಿದೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ 2013ರವರೆಗೆ ಫೈನಲ್‌ಗೆ ತಂಡಗಳನ್ನು ಆರಿಸಲು ಕಂಪ್ಯೂಟರ್ ಲೆಕ್ಕವನ್ನೂ ಸೇರಿಸುತ್ತಿದ್ದರು. ಅದರಲ್ಲಿ ಖಗೋಳ ವಿಜ್ಞಾನಿ ವೆಸ್ ಕಾಲೀ ಅವರ ಲೆಕ್ಕವೂ ಒಂದು. ಮಂಡ್ಯದ ನಮ್ಮ ಎಂಟು ತಂಡಗಳ ಕಬಡ್ಡಿ ಟೂರ್ನಿಗೆ ಅದನ್ನೇ ಬಳಸಿದೆ.

ಶುರು ಸುಲಭ. ಗೆಲುವಿಗೆ 1, ಆಡಿದ ಪಂದ್ಯಕ್ಕೆ 2 ಕೂಡಿಸಿ ಭಾಗಿಸಬೇಕು. ಐದರಲ್ಲಿ ನಾಲ್ಕು ಗೆದ್ದರೆ 5/7, ಅಂದರೆ 0.714. ಆಮೇಲೆ ಎದುರಾಳಿ ಎಷ್ಟು ಗಟ್ಟಿ ಅಂತ ನೋಡಿ ಅಂಕ ತಿದ್ದುತ್ತದೆ. ಎಷ್ಟು ಪಾಯಿಂಟಿನಿಂದ ಗೆದ್ದರು ಅನ್ನೋದು ಲೆಕ್ಕಕ್ಕಿಲ್ಲ. ಯಾವ ಊರು, ಯಾರ ಮಗ ಅನ್ನೋದೂ ಇಲ್ಲ. ಹೋದ ವರ್ಷ ಹಿರಿಯರು ಸುಮ್ನೆ ಮಾತಾಡಿಕೊಂಡು ಸೆಮಿಫೈನಲ್ ಪಟ್ಟಿ ಮಾಡಿದ್ದರು. ಒಂದೂ ಪಂದ್ಯ ಸೋಲದ ನಮ್ಮ ಹುಡುಗರು ಹೊರಗೆ! ಮೊಣಕಾಲಿಗೆ ಅರಿಶಿನ ಹಚ್ಚಿಕೊಂಡು ಕೂತಿದ್ದ ರೈಡರ್‌ನ ಮುಖ ಇನ್ನೂ ಕಣ್ಣಲ್ಲಿದೆ. 2023ರಲ್ಲಿ ಅಮೆರಿಕದಲ್ಲೂ ಕಾಲೇಜು ಫುಟ್‌ಬಾಲ್ ತಂಡ ಆರಿಸುವ 13 ಜನರ ಸಮಿತಿ, ಆಡಿದ 13 ಪಂದ್ಯವನ್ನೂ ಗೆದ್ದ ಫ್ಲಾರಿಡಾ ಸ್ಟೇಟ್ ತಂಡವನ್ನು ಸೆಮಿಫೈನಲ್‌ನಿಂದ ಕೈಬಿಟ್ಟಿತ್ತು. ಅವರ ಕ್ವಾರ್ಟರ್‌ಬ್ಯಾಕ್‌ಗೆ (ದಾಳಿ ನಡೆಸುವ ಮುಖ್ಯ ಆಟಗಾರ) ಗಾಯವಾಗಿತ್ತು, ನಿಜ. ಆದರೆ ಗೆದ್ದಿದ್ದು ಗೆದ್ದಿದ್ದೇ ಅಲ್ವಾ?

ಒಂದು ಎಚ್ಚರಿಕೆ. 2010ರಲ್ಲಿ ಕಾಲೀ ಲೆಕ್ಕದಲ್ಲಿ ಒಂದೇ ಒಂದು ಪಂದ್ಯದ ಫಲಿತಾಂಶ ಬಿಟ್ಟುಹೋಗಿ ಬೋಯ್ಸಿ ಸ್ಟೇಟ್, ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್) ತಂಡಗಳ ಸ್ಥಾನ ಅದಲುಬದಲಾಗಿತ್ತು. ಅದಕ್ಕೇ ಪ್ರತಿ ಪಂದ್ಯದ ಫಲಿತಾಂಶ ಇಬ್ಬರು ಬರೆದುಕೊಳ್ಳಲಿ. ಈ ಪದ್ಧತಿಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಈ ಸಲದ ಪಟ್ಟಿಯನ್ನು ಅಂಕಣದ ಪಕ್ಕದ ಕಂಬಕ್ಕೇ ಅಂಟಿಸುತ್ತೇವೆ.