ಮೆದು ತಾಮ್ರದ ಪಟ್ಟಿಯೋ, ಗಡಸು ಪಟ್ಟಿಯೋ?

25 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ಎರಡು ಶುದ್ಧ ತಾಮ್ರದ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಮೀಟರಿಗೆ ಸುಮಾರು 224 ಗ್ರಾಂ ಇರುವ ತೂಕದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಬೆರಳಿನಿಂದ ಬಗ್ಗಿಸಿದಾಗ ಮಾತ್ರ ಮೆದುವಾದದ್ದು ಬಾಗಿದಲ್ಲೇ ನಿಲ್ಲುತ್ತದೆ, ಗಡಸಾದದ್ದು ಪುಟಿದು ಹಿಂದಕ್ಕೆ ಬರುತ್ತದೆ.

ವಿದ್ಯುತ್ ಹರಿಯುವಿಕೆಯಲ್ಲಿ ಮೆದು ತಾಮ್ರವನ್ನು 100 ಎಂದರೆ ಗಡಸು ತಾಮ್ರ ಸುಮಾರು 97; ಈ ಅಂತರಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನೇರವಾಗಿ ನಿಂತು ಬೋಲ್ಟುಗಳ ಬಿಗಿತವನ್ನು ತಾಳಬೇಕಾದ ಬಸ್‌ಬಾರಿಗೆ (ವಿದ್ಯುತ್ ಫಲಕದಲ್ಲಿ ಕರೆಂಟನ್ನು ಹಂಚುವ ಪಟ್ಟಿಗೆ) ಗಡಸು ಪಟ್ಟಿ ಒಳ್ಳೆಯದು, ಗೋಡೆಯ ಮೂಲೆಗಳನ್ನು ಸುತ್ತಿ ಹೋಗುವ ಅರ್ಥಿಂಗಿಗೆ ಮೆದುವಾದದ್ದು. ಎರಡರಲ್ಲೂ ಜೋಡಣೆಯ ಜಾಗದ ಕಪ್ಪು ಪದರವನ್ನು ಉಜ್ಜಿ ತೆಗೆದು ಕೂಡಲೇ ಬಿಗಿಯಬೇಕು.

ಕರಕುಶಲಕ್ಕೆ ನಾನು ಮೆದುವಾದದ್ದನ್ನೇ ಆರಿಸುತ್ತೇನೆ, ಏಕೆಂದರೆ ಸುತ್ತಿಗೆಯ ಪೆಟ್ಟು ಬಿದ್ದಂತೆ ಅದು ತಾನಾಗಿಯೇ ಗಡಸಾಗುತ್ತದೆ. ಮತ್ತೆ ಮೆದುವಾಗಿಸಲು ಮಸುಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿದರಾಯಿತು. ಹಾಗೆ ಅದ್ದಿದರೆ ಉಕ್ಕು ಗಡಸಾಗುತ್ತದೆ, ತಾಮ್ರ ಆಗುವುದಿಲ್ಲ. ಆದರೆ ಬೆಂಕಿಯ ಬೆಸುಗೆ ಹೆಚ್ಚಿದ್ದರೆ ಆಮ್ಲಜನಕರಹಿತ ತಾಮ್ರವನ್ನೇ ಕೇಳಿ ಪಡೆಯಬೇಕು: ಸಾಮಾನ್ಯ ವಿದ್ಯುತ್ ತಾಮ್ರದಲ್ಲಿರುವ ಅಲ್ಪ ಆಮ್ಲಜನಕವು ಜ್ವಾಲೆಯ ಜಲಜನಕದೊಡನೆ ಕೂಡಿ ಒಳಗೇ ಹಬೆಯಾಗಿ, ಲೋಹವನ್ನು ಬಿರುಕುಗೊಳಿಸಬಲ್ಲದು.