ವಿದೇಶದ ಶಾಲೆಗಳಿಗೆ ಶಿಕ್ಷಕರನ್ನು ಕಳುಹಿಸುವ ಏಜೆನ್ಸಿಯೊಂದರ ಸೇವೆ: ಒಂದು ವಿಮರ್ಶೆ

ವಿದೇಶಿ ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಏಜೆನ್ಸಿಯೊಂದರ ಮೂಲಕ ನಾನು ಒಂದು ಶ್ರೀಮಂತ ದೇಶದಲ್ಲಿಯೂ ಅನಂತರ ಒಂದು ಬಡ ದೇಶದಲ್ಲಿಯೂ ಪಾಠ ಮಾಡಿದ್ದೇನೆ. ಕಾಗದಪತ್ರಗಳ ವಿಷಯದಲ್ಲಿ ಈ ಸಂಸ್ಥೆಯನ್ನು ಮೆಚ್ಚಲೇಬೇಕು. ಪದವಿ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ (ದಾಖಲೆ ಅಸಲಿಯೆಂದು ಬೇರೆ ದೇಶಗಳು ಒಪ್ಪುವ ಸರ್ಕಾರಿ ಮುದ್ರೆ) ಒಂದೇ ಸಾಕೇ, ಇಲ್ಲವೇ ಹೋಗುವ ದೇಶವು ಆ ಮುದ್ರೆಯನ್ನು ಮಾನ್ಯಮಾಡುವ 1961ರ ಹೇಗ್ ಒಪ್ಪಂದಕ್ಕೆ ಸೇರದಿರುವುದರಿಂದ ರಾಯಭಾರ ಕಚೇರಿಯ ದೃಢೀಕರಣ ಬೇಕೇ ಎಂಬುದನ್ನು ಅವರು ಮೊದಲೇ ಸ್ಪಷ್ಟವಾಗಿ ತಿಳಿಸಿದರು. ವೀಸಾ, ವಿಮೆ, ಟಿಕೆಟ್ ಯಾವುದರಲ್ಲೂ ತೊಡಕಾಗಲಿಲ್ಲ.

ಅವರು ಶಿಕ್ಷಕರಿಂದ ಪಡೆಯುವ ನೋಂದಣಿ ಶುಲ್ಕವನ್ನು ಮಾತ್ರ ಒಪ್ಪಲಾರೆ. ಖಾಸಗಿ ನೇಮಕಾತಿ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ಪಡೆಯಬಾರದೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ ಸಾಮಾನ್ಯ ನಿಯಮ.

ಇದಕ್ಕಿಂತ ದೊಡ್ಡ ಕೊರತೆ ಅವರು ಕೊಡುವ ಶಾಲಾ ಪರಿಚಯದಲ್ಲಿದೆ. ಕಟ್ಟಡ, ಈಜುಕೊಳ, ಶಿಕ್ಷಕರ ವಸತಿಗಳ ವಿವರ ಅದರಲ್ಲಿ ಪುಟಗಟ್ಟಲೆ ಇರುತ್ತದೆ. ಹಣವು ಪಾಠದ ತನಕ ತಲುಪುತ್ತದೆಯೇ ಎಂಬುದರ ಸುಳಿವೇ ಇರುವುದಿಲ್ಲ. ಮೊದಲ ಶಾಲೆಯ ಪ್ರತಿ ಕೋಣೆಯಲ್ಲಿ ಡಿಜಿಟಲ್ ಬೋರ್ಡ್ ಇತ್ತು, ಆದರೆ ಗ್ರಂಥಾಲಯಕ್ಕೆ ಕೊನೆಯ ಗಂಟೆ ಹೊಡೆದೊಡನೆ ಬೀಗ ಬೀಳುತ್ತಿತ್ತು, ಮತ್ತು ನಮಗಿದ್ದ ಬಿಡುವಿನ ಅವಧಿಗಳೆಲ್ಲ ರಜೆಯಲ್ಲಿದ್ದವರ ತರಗತಿಗಳನ್ನು ನೋಡಿಕೊಳ್ಳುವುದರಲ್ಲೇ ಮುಗಿಯುತ್ತಿದ್ದವು. ಪಕ್ಕದ ಮೇಜಿನಲ್ಲಿ ಕುಳಿತು ಅದೇ ಗಣಿತವನ್ನು ನನಗಿಂತ ಹೆಚ್ಚು ಕಾಲದಿಂದ ಕಲಿಸುತ್ತಿದ್ದ ಅಧ್ಯಾಪಕಿಗೆ, ಅವರು ಸ್ಥಳೀಯವಾಗಿ ನೇಮಕಗೊಂಡವರೆಂಬ ಒಂದೇ ಕಾರಣಕ್ಕೆ, ಸಂಬಳ ಕಡಿಮೆಯಿತ್ತು, ವಸತಿಯಂತೂ ಇರಲೇ ಇಲ್ಲ. ಆ ಅಂತರ ನನಗೆ ಇಂದಿಗೂ ನೋವು ತರುತ್ತದೆ.

ಎರಡನೆಯ ಶಾಲೆಯದು ತಗಡಿನ ಮಾಡು; ಜೋರು ಮಳೆ ಬಂದರೆ ಪಾಠ ನಿಲ್ಲುತ್ತಿತ್ತು. ಬಡತನವನ್ನು ಹೊಗಳುವ ಮನಸ್ಸು ನನಗಿಲ್ಲ: ಒಂದೇ ಪಠ್ಯಪುಸ್ತಕಕ್ಕೆ ಇಬ್ಬರು ಮಕ್ಕಳು ಬಗ್ಗಿ ಕುಳಿತುಕೊಳ್ಳುವುದು ಕಷ್ಟವೇ ಹೊರತು ಗುಣವಲ್ಲ. ಆದರೂ ಅಲ್ಲಿ ವಾರದ ಒಂದು ಮಧ್ಯಾಹ್ನವನ್ನು ಶಿಕ್ಷಕರು ಒಟ್ಟಿಗೆ ಕುಳಿತು ಮಕ್ಕಳ ನೋಟ್‌ಬುಕ್ ನೋಡುವುದಕ್ಕೆಂದೇ ಮೀಸಲಿಟ್ಟಿದ್ದರು. 503ರಿಂದ 278 ಕಳೆದು 375 ಎಂದು ಬರೆದ ಹುಡುಗಿಯ ಪುಟವನ್ನು ಎಲ್ಲರೂ ನೋಡಿ, ಅವಳು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದ್ದಾಳೆಂದು ಕಂಡುಕೊಂಡು, ಮರುದಿನ ಕಡ್ಡಿಯ ಕಟ್ಟುಗಳನ್ನು ಬಿಚ್ಚಿಸಿ ದಶಕಸಹಿತ ವ್ಯವಕಲನವನ್ನು ಮೊದಲಿನಿಂದ ಕಲಿಸಿದರು. ಆ ಮಧ್ಯಾಹ್ನಕ್ಕೆ ಬೇಕಾಗಿದ್ದುದು ಸಮಯ, ಮತ್ತು ಅದನ್ನು ಬಿಟ್ಟುಕೊಡದ ಮುಖ್ಯೋಪಾಧ್ಯಾಯರು.

ರಾಷ್ಟ್ರೀಯ ಉತ್ಪನ್ನದ ಶೇ. 4ರಿಂದ 6ರಷ್ಟನ್ನು ಇಲ್ಲವೇ ಸರ್ಕಾರಿ ವೆಚ್ಚದ ಶೇ. 15ರಿಂದ 20ರಷ್ಟನ್ನು ಶಿಕ್ಷಣಕ್ಕೆ ಕೊಡಬೇಕೆಂದು 2015ರಲ್ಲಿ ಯುನೆಸ್ಕೊ ನೇತೃತ್ವದಲ್ಲಿ ದೇಶಗಳು ಒಪ್ಪಿಕೊಂಡವು. ಈ ಅಳತೆಗೋಲು ಅಗತ್ಯವೇ, ಆದರೆ ಶಾಲೆಯ ಗೇಟಿನೊಳಗೆ ಬಂದ ಹಣ ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅದು ಅಳೆಯುವುದಿಲ್ಲ.

ಹೊರಡುವ ವ್ಯವಸ್ಥೆ ಅಚ್ಚುಕಟ್ಟಾಗಿರಬೇಕೆನ್ನುವವರು ಈ ಏಜೆನ್ಸಿಯನ್ನು ನಂಬಬಹುದು. ಸಹಿ ಹಾಕುವ ಮೊದಲು ತರಗತಿಯ ಮಕ್ಕಳ ಸಂಖ್ಯೆ, ಪಾಠದ ತಯಾರಿಗೆ ಸಿಗುವ ಅವಧಿ, ಸ್ಥಳೀಯ ಶಿಕ್ಷಕರ ಸಂಬಳ ಇವನ್ನು ಲಿಖಿತವಾಗಿ ಕೇಳಿ. ಸದ್ಯ ಆ ಶಾಲೆಯಲ್ಲಿರುವ ಶಿಕ್ಷಕರೊಬ್ಬರೊಡನೆ ಮಾತನಾಡಿಸುವಂತೆಯೂ ಒತ್ತಾಯಿಸಿ. ಏಜೆನ್ಸಿಯವರು ತಾವಾಗಿಯೇ ಹೇಳುವುದಿಲ್ಲ, ಆದರೆ ಕೇಳಿದರೆ ಏರ್ಪಾಡು ಮಾಡುತ್ತಾರೆ.