ಕೊಡಗಿನಲ್ಲಿ ತೋಟದ ಮನೆ ಬಾಡಿಗೆಗೆ ಹಿಡಿಯುವ ಮೊದಲು ಸ್ನಾನದ ಕೋಣೆಯ ಚಿತ್ರ ಕೇಳಿ

ಮಳೆಗಾಲದಲ್ಲಿ ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಕೊಡಗಿಗೆ ಹೊರಟಿರುವವರು ಉಳಿಯುವ ಜಾಗಕ್ಕೆ ಮುಂಗಡ ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ. ಮಡಿಕೇರಿ ಸಮೀಪದ ಕಾಫಿ ತೋಟವೊಂದರಲ್ಲಿ ನಾವು ಹಿಡಿದಿದ್ದ ಮನೆಯ ಸ್ನಾನದ ಕೋಣೆಯಲ್ಲಿ ನನ್ನ ಮಗಳು ಪ್ರಜ್ಞೆ ತಪ್ಪಿ ಬಿದ್ದಳು. ಈಗ ಚೆನ್ನಾಗಿದ್ದಾಳೆ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಎಂದು ವೈದ್ಯರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೋಟೆಲ್ ಬಿಟ್ಟು ಮನೆ ಹಿಡಿಯಲು ಕಾರಣಗಳಿದ್ದವು. ಅತ್ತೆಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಮುದ್ದೆಯೋ ಗಂಜಿಯೋ ಆಗಬೇಕು, ಅಡುಗೆಮನೆ ಇದ್ದರೆ ಅನುಕೂಲ. ನಾದಿನಿಯ ಮಕ್ಕಳೂ ಸೇರಿ ಎಲ್ಲರೂ ಒಂದೇ ಸೂರಿನಡಿ ಇರಬಹುದು. ಹೋಟೆಲ್ಲಿನಲ್ಲಿ ಮೂರು ಕೋಣೆಗೆ ಕೊಡುವುದಕ್ಕಿಂತ ಕಡಿಮೆ ಹಣಕ್ಕೆ ಇಡೀ ಮನೆ ಸಿಗುತ್ತಿತ್ತು. ಆ್ಯಪ್‌ನಲ್ಲಿ ಜಗಲಿ, ಮಂಜು, ಬೆಳ್ಳಗೆ ಹೂಬಿಟ್ಟ ಕಾಫಿ ಗಿಡಗಳ ಚಿತ್ರಗಳು. ಕಾಫಿ ಹೂ ಬಿಡುವುದು ಬೇಸಿಗೆಯ ಹೂಮಳೆ ಬಿದ್ದ ಮೇಲೆ. ನಾವು ಹೋದದ್ದು ಜುಲೈಯಲ್ಲಿ. ಆ ದಾರಿ, ಆ ಅಂಗಳ ಮಳೆಗಾಲದಲ್ಲಿ ಹೇಗಿರುತ್ತದೆ ಎಂದು ತೋರಿಸುವ ಒಂದು ಚಿತ್ರವೂ ಅಲ್ಲಿರಲಿಲ್ಲ.

ಡಾಂಬರು ರಸ್ತೆಯಿಂದ ತೋಟಕ್ಕೆ ಇಳಿಯುವ ದಾರಿ ಪೂರ್ತಿ ಕೆಸರು. ಕಾರನ್ನು ಮೇಲೆಯೇ ಬಿಟ್ಟು, ಮನೆ ನೋಡಿಕೊಳ್ಳುವ ಹುಡುಗ ತಂದ ಜೀಪಿನಲ್ಲಿ ಇಳಿದೆವು. ಅದಕ್ಕೆ ಬೇರೆ ಬಾಡಿಗೆ. ಮಾಲೀಕರಿರುವುದು ಬೆಂಗಳೂರಿನಲ್ಲಿ. ಎಲ್ಲೋ ಮರ ಬಿದ್ದು ತಂತಿ ಹರಿದು ಬೆಳಗಿನಿಂದ ಕರೆಂಟು ಇರಲಿಲ್ಲ. ಮೊಬೈಲ್ ಸಿಗ್ನಲ್ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಬಂದು ಹೋಗುತ್ತಿತ್ತು. ಕೊಡಗಿನ ಮಳೆಗಾಲದಲ್ಲಿ ಇವೆಲ್ಲ ಇದ್ದದ್ದೇ, ಅದಕ್ಕಾಗಿ ಯಾರನ್ನೂ ದೂರುವುದಿಲ್ಲ. "ಬಿಸಿನೀರಿಗೆ ತೊಂದರೆಯಿಲ್ಲ ಅಕ್ಕ, ಗ್ಯಾಸ್ ಗೀಸರ್ ಇದೆ" ಎಂದು ಹೇಳಿ ಹುಡುಗ ತೋಟದ ಕೆಲಸಗಾರರ ಲೈನ್‌ಮನೆಗೆ ಹೋದ.

ಆ ಗೀಸರ್ ಸ್ನಾನದ ಕೋಣೆಯ ಒಳಗೇ ಇತ್ತು. ಹೊಗೆ ಹೊರಗೆ ಹೋಗಲು ಕೊಳವೆ ಇರಲಿಲ್ಲ. ಇದ್ದ ಒಂದೇ ಗವಾಕ್ಷಿಗೆ ಎರಚಲು ಬಾರದಂತೆ ಪ್ಲಾಸ್ಟಿಕ್ ಹಾಳೆ ಬಡಿದಿದ್ದರು. ಮೊದಲು ನಮ್ಮ ಮನೆಯವರು, ಆಮೇಲೆ ಅತ್ತೆ ಸ್ನಾನ ಮಾಡಿದರು. ಅತ್ತೆ ತಲೆ ಸಿಡಿಯುತ್ತಿದೆ ಎಂದು ಮಲಗಿದರು. ಘಟ್ಟದ ತಿರುವುಗಳ ಪ್ರಯಾಣಕ್ಕೆ ಹಾಗಾಗಿದೆ ಎಂದುಕೊಂಡೆವು. ಮೂರನೆಯವಳಾಗಿ ಮಗಳು ಹೋದಳು. ನೀರು ಸುರಿಯುವ ಸದ್ದು ಕೇಳುತ್ತಲೇ ಇತ್ತು, ಕರೆದರೆ ಉತ್ತರವಿಲ್ಲ. ಚಿಲಕ ಒಡೆದು ಒಳಗೆ ಹೋದರೆ ನಲ್ಲಿಯ ಪಕ್ಕದಲ್ಲಿ ಮುದುಡಿ ಬಿದ್ದಿದ್ದಳು.

ಗ್ಯಾಸ್ ವಾಸನೆ ಸ್ವಲ್ಪವೂ ಇರಲಿಲ್ಲ. ಎಲ್ಲರೂ ತಿಳಿದಿರಲೇಬೇಕಾದ ಸಂಗತಿ ಇದು. ಸಿಲಿಂಡರಿನ ಅನಿಲ ಸೋರಿದರೆ ಗೊತ್ತಾಗಲೆಂದು ಅದಕ್ಕೆ ವಾಸನೆಯ ವಸ್ತು ಬೆರೆಸಿರುತ್ತಾರೆ. ಆದರೆ ಇಲ್ಲಿ ಅನಿಲ ಸೋರಿರಲೇ ಇಲ್ಲ. ಗಾಳಿಯಾಡದ ಕೋಣೆಯಲ್ಲಿ ಆಮ್ಲಜನಕ ಸಾಲದೆ ಅನಿಲ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಪ್ರಜ್ಞೆ ತಪ್ಪುವುದು. ಅತ್ತೆಯ ಔಷಧಿ ಚೀಲದಲ್ಲಿ ರಕ್ತದ ಆಮ್ಲಜನಕ ಅಳೆಯುವ, ಕೋವಿಡ್ ಕಾಲದ ಆಕ್ಸಿಮೀಟರ್ ಇತ್ತು. ಮಗಳ ಬೆರಳಿಗೆ ಹಾಕಿದರೆ 98, ಅಂದರೆ ಎಲ್ಲ ಸರಿಯಾಗಿದೆ ಎಂದೇ ತೋರಿಸಿತು. ಈ ವಿಷ ಅಂಟಿದ ರಕ್ತವನ್ನೂ ಅದು ಒಳ್ಳೆಯ ರಕ್ತವೆಂದೇ ಎಣಿಸುತ್ತದೆಯಂತೆ, ಆಸ್ಪತ್ರೆಯಲ್ಲಿ ಹೇಳಿದರು. ಆ ಅಂಕಿಯನ್ನು ನಂಬಿ ಯಾರೂ ಸುಮ್ಮನೆ ಕೂರಬೇಡಿ.

ಜಗಲಿಗೆ ಹೊತ್ತು ತಂದು ಗಾಳಿಗೆ ಮಲಗಿಸಿದೆವು. 108ಕ್ಕೆ ಕರೆ ಹೋಗಲಿಲ್ಲ. ಕೂಗು ಕೇಳಿ ಓಡಿ ಬಂದ ಹುಡುಗ ಪಕ್ಕದ ತೋಟದ ಹಿರಿಯರನ್ನು ಎಬ್ಬಿಸಿದ. ಅವರು ಆ ಸುರಿಮಳೆಯಲ್ಲಿ ತಮ್ಮ ಜೀಪಿನಲ್ಲೇ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ತಲುಪಿಸಿದರು. "ಗ್ಯಾಸ್ ಗೀಸರಾ?" ಎಂಬುದೇ ಕರ್ತವ್ಯದಲ್ಲಿದ್ದ ವೈದ್ಯೆಯ ಮೊದಲ ಪ್ರಶ್ನೆ. ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು. ಬೆಳಗಿನ ಹೊತ್ತಿಗೆ ಮಗಳು ಮಾತನಾಡಿದಳು. ದಾರಿಯಲ್ಲಿ ಆ ಹಿರಿಯರು, ಸ್ಥಿತಿ ಗಂಭೀರವಾದರೆ ಇಲ್ಲಿಂದ ಮೈಸೂರಿಗೋ ಮಂಗಳೂರಿಗೋ ಓಡಬೇಕು ಎಂದಿದ್ದರು. ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು ಕೊಡಗಿನ ಜನ 2019ರಲ್ಲಿ ಜಾಲತಾಣಗಳಲ್ಲಿ ದೊಡ್ಡ ದನಿ ಎತ್ತಿದ್ದರು. ಅವರ ಅಳಲು ನಮಗೆ ಅಂದು ಅರ್ಥವಾಯಿತು.

ಮಾಲೀಕರು ಫೋನಿನಲ್ಲಿ ಹೇಳಿದ್ದು: "ಬಾಗಿಲು ಸ್ವಲ್ಪ ತೆರೆದಿಟ್ಟು ಸ್ನಾನ ಮಾಡಬೇಕಿತ್ತು." ಹಾಗೆಂದು ಗೋಡೆಯ ಮೇಲೆ ಒಂದು ಚೀಟಿಯನ್ನೂ ಅಂಟಿಸಿರಲಿಲ್ಲ. ಕೊಟ್ಟ ಹಣವೂ ವಾಪಸು ಬರಲಿಲ್ಲ.

ಉಳಿದ ದಿನ ಮಡಿಕೇರಿ ಪೇಟೆಯ ಹೋಟೆಲ್ಲಿನಲ್ಲಿದ್ದೆವು. ಕೋಣೆ ಚಿಕ್ಕದು, ಕಿಟಕಿ ತೆರೆದರೆ ಎದುರಿನ ಗೋಡೆ, ಅತ್ತೆಗೆ ಊಟ ಹಿಡಿಸಲಿಲ್ಲ. ಆದರೆ ಜನರೇಟರ್ ಇತ್ತು, ರಾತ್ರಿ ಯಾವ ಹೊತ್ತಿಗೆ ಕೆಳಗೆ ಹೋದರೂ ಕೌಂಟರಿನಲ್ಲಿ ಎಚ್ಚರವಾಗಿರುವ ಒಬ್ಬರಿದ್ದರು, ಆಸ್ಪತ್ರೆ ಹತ್ತಿರ. ಚಿಕ್ಕ ಮಕ್ಕಳು, ಕಾಯಿಲೆಯವರು ಜೊತೆಗಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಹೋಟೆಲ್ಲನ್ನೇ ಆರಿಸುತ್ತೇನೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಕುಸಿದದ್ದನ್ನು ನೋಡಿದ ಮೇಲೂ ಇಳಿಜಾರಿನ ಒಂಟಿ ಮನೆಗೆ ಮಳೆಯಲ್ಲಿ ಹೋಗುವುದು ಬೇಡ.

ಇದರಿಂದ ಕೊಡಗಿನ ಹೋಮ್‌ಸ್ಟೇಗಳೆಲ್ಲ ಕೆಟ್ಟವು ಎಂದು ತಿಳಿಯಬೇಡಿ. ಮನೆಯವರೇ ಅದೇ ಅಂಗಳದಲ್ಲಿ ವಾಸಿಸುತ್ತಾ ಎರಡು ಮೂರು ಕೋಣೆ ಅತಿಥಿಗಳಿಗೆ ಕೊಡುವ ಕಡೆ ಕಕ್ಕಬೆಯ ಬಳಿ ಹಿಂದೆ ಉಳಿದಿದ್ದೇವೆ. ಬೆಳಿಗ್ಗೆ ಬಿಸಿ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಸಂಜೆ ಅಕ್ಕಿ ರೊಟ್ಟಿ, ಮಗುವಿಗೆ ಕೆಮ್ಮು ಎಂದರೆ ಕಷಾಯ ಹಿಡಿದು ಬರುವ ಅಜ್ಜಿ. ಅಂತಹ ಮನೆಯಲ್ಲಿ ತೊಂದರೆಯಾದರೆ ಪಕ್ಕದ ಕೋಣೆಯಲ್ಲೇ ಜನರಿರುತ್ತಾರೆ. ನಾನು ಬೇಡವೆನ್ನುವುದು ಮಾಲೀಕರು ದೂರದಲ್ಲಿದ್ದು ಕೀಲಿಕೈ ಮಾತ್ರ ಕೊಡುವ ಮನೆಗಳನ್ನು.

ಮುಂಗಡ ಕಟ್ಟುವ ಮೊದಲು ಫೋನ್ ಮಾಡಿ ಕೇಳಿ. ರಾತ್ರಿ ಅಲ್ಲಿ ಯಾರು ಮಲಗುತ್ತಾರೆ, ಬಾಗಿಲವರೆಗೆ ನಿಮ್ಮ ಕಾರು ಹೋಗುತ್ತದೆಯೇ, ಕರೆಂಟು ಹೋದರೆ ಏನು ವ್ಯವಸ್ಥೆ, ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ. ನೀರು ಕಾಯಿಸುವುದು ಸೌದೆಯ ಹಂಡೆಯಲ್ಲೋ, ಸೋಲಾರಿನಲ್ಲೋ, ಗ್ಯಾಸಿನಲ್ಲೋ ಎಂಬುದನ್ನು ಮರೆಯದೆ ಕೇಳಿ. ಗ್ಯಾಸ್ ಎಂದರೆ ಗೀಸರ್ ಸ್ನಾನದ ಕೋಣೆಯ ಹೊರಗಡೆ ಇರಬೇಕು, ಗವಾಕ್ಷಿ ತೆರೆದಿರಬೇಕು. ಅದರ ಚಿತ್ರ ಕಳುಹಿಸಲು ಹೇಳಿ. ಕಳುಹಿಸಲು ಒಪ್ಪದಿದ್ದರೆ ಆ ಮನೆ ಎಷ್ಟೇ ಚೆಂದವಿರಲಿ, ಬೇರೆ ನೋಡಿ.